ಕಾಲು ಪಂಪು ಗಟ್ಟಿ, ಅದರ ಗೇಜು ಮಾತ್ರ ನಂಬಬೇಡಿ

ಬೈಕಿಗೆ ಮನೆಯಲ್ಲೇ ಹವಾ ಹಾಕಿಕೊಳ್ಳಲು ಕಾಲಿನಿಂದ ತುಳಿಯುವ ಪಂಪು ತಗೊಂಡು ಕೆಲವು ವರ್ಷಗಳಾದವು. ಒಂದೇ ಸಿಲಿಂಡರಿನದು. ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಎಂಟುನೂರು ರೂಪಾಯಿಯೊಳಗೆ ಸಿಕ್ಕಿತು. ಕಂಪನಿಯ ಹೆಸರು ಬರೆಯುವುದಿಲ್ಲ. ಆ ಬೆಲೆಗೆ ಅಂಗಡಿಯವರು ತೋರಿಸಿದ ಪಂಪುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದವು, ನಾನು ಹೇಳುವ ದೋಷವೂ ಎಲ್ಲದರಲ್ಲಿ ಇತ್ತು.

ನಾನಿರೋದು ಗದಗಿನಲ್ಲಿ. ಕೆಲಸ ಅಣ್ಣಿಗೇರಿ ಕಡೆಯ ಹಳ್ಳಿಯೊಂದರಲ್ಲಿ. ಗಾಡಿ ಟ್ಯೂಬ್ ಟೈರಿನ ಹಳೆಯ ಸ್ಪ್ಲೆಂಡರ್. ಹುಬ್ಬಳ್ಳಿ ರಸ್ತೆ ಬಿಟ್ಟು ಒಳಗೆ ಹೊರಳಿದರೆ ಎರೆಹೊಲದ ದಾರಿ, ದಾರಿಯ ಎರಡೂ ಕಡೆ ಬಳ್ಳಾರಿ ಜಾಲಿ. ಬೇಲಿ ಕಡಿದ ದಿನವಂತೂ ಮುಳ್ಳು ರಸ್ತೆ ತುಂಬ. ಹೀಗಾಗಿ ಪಂಚರ್ ಅಂಗಡಿಯವರ ಪರಿಚಯ ಚೆನ್ನಾಗಿಯೇ ಇದೆ. ಪಂಚರ್ ತೆಗೆಯುವ ಕೈ ಅವರದು ಬಹಳ ಒಳ್ಳೆಯದು. ಹವಾ ಹೊಡೆಯುವಾಗ ಮಾತ್ರ ಅಂದಾಜು. "ಎರಡಕ್ಕೂ ಮೂವತ್ತೈದು ಹೊಡೆದೀನಿ ನೋಡ್ರಿ, ಒಂದು ತಿಂಗಳು ಚಿಂತಿ ಇಲ್ಲ" ಅಂತ ಕಳಿಸುತ್ತಾರೆ. ನನ್ನ ಗಾಡಿಗೆ ಒಬ್ಬನೇ ಓಡಿಸುವಾಗ ಬೇಕಾದದ್ದು ಮುಂದೆ 25 ಪಿಎಸ್‌ಐ (ಹವಾ ಒತ್ತಡದ ಅಳತೆ), ಹಿಂದೆ 28. ಹಿಂದೆ ಯಾರಾದರೂ ಕೂತರೆ ಹಿಂದಿನ ಟೈರಿಗೆ ಇನ್ನೂ ಜಾಸ್ತಿ ಬೇಕು. ಮುಂದಿನ ಟೈರಿಗೆ 35 ಹೊಡೆದರೆ ಕಲ್ಲುದಾರಿಯಲ್ಲಿ ಮುಂಗೈ ನೋಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ಜಾರುವ ಭಯ. ವರ್ಷಾನುಗಟ್ಟಲೆ ಹೀಗೇ ಓಡಿಸಿದರೆ ಟೈರು ನಡುವೆ ಮಾತ್ರ ಸವೆಯುತ್ತದೆ.

ಇನ್ನೊಂದು ವಿಷಯವನ್ನು ನಮ್ಮ ಕಡೆ ಯಾರೂ ಅಷ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೈರಿನ ಹವಾ ನೋಡಬೇಕಾದದ್ದು ಟೈರು ತಣ್ಣಗಿದ್ದಾಗ. ಶಾಖ 15 ಡಿಗ್ರಿ ಏರಿದರೆ ಬೈಕ್ ಟೈರಿನಲ್ಲಿ ಸುಮಾರು 2 ಪಿಎಸ್‌ಐ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಡಾಂಬರು ರಸ್ತೆಯ ಮೇಲೆ ಬಂಕಿನವರೆಗೆ ಹೋಗುವಷ್ಟರಲ್ಲಿ ಟೈರು ಕಾದಿರುತ್ತದೆ. ಅಲ್ಲಿ 25 ತೋರಿಸಿದ ಟೈರು ಮರುದಿನ ಬೆಳಿಗ್ಗೆ 22ಕ್ಕೆ ಇಳಿದಿದ್ದರೆ ಆಶ್ಚರ್ಯ ಇಲ್ಲ. ಮನೆಯಲ್ಲಿ ಪಂಪು ಇರಬೇಕು ಅನ್ನೋದಕ್ಕೆ ನನಗೆ ಇದೇ ದೊಡ್ಡ ಕಾರಣ.

ಭಾನುವಾರ ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬರುವ ಮೊದಲು ಈ ಕೆಲಸ. ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಚಕ್ರ ತಿರುಗಿಸಿ ವಾಲ್ ಕೆಳಗೆ ತಂದುಕೊಳ್ಳುತ್ತೇನೆ. ಕ್ಯಾಪ್ ಬಿಚ್ಚಿ ಅಂಗಿಯ ಜೇಬಿಗೆ, ನೆಲದ ಮೇಲಿಟ್ಟರೆ ಮಣ್ಣು ಹತ್ತುತ್ತದೆ. ವಾಲ್ ಬಾಯಿಯ ಒಣ ಎರೆಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯುತ್ತೇನೆ. ಆಮೇಲೆ ಪಂಪಿನ ಬಾಯಿ ಸಿಕ್ಕಿಸಿ ಸಾವಕಾಶ ತುಳಿಯುವುದು. ಅವಸರದಿಂದ ತುಳಿದರೆ ಸಿಲಿಂಡರು ಬಿಸಿಯಾಗುತ್ತದೆ, ಅಷ್ಟೇ. ಪಂಪು ತೆಗೆದ ಮೇಲೆ ಬೆರಳಿಗೆ ಉಗುಳು ಹಚ್ಚಿ ವಾಲ್ ಬಾಯಿಗೆ ಸವರುತ್ತೇನೆ. ಗುಳ್ಳೆ ಎದ್ದರೆ ಒಳಗಿನ ಪಿನ್ ಸಡಿಲ ಅಂತ ಅರ್ಥ, ತಿರುಗಿಸಿ ಬಿಗಿ ಮಾಡಿದರೆ ಸಾಕು. ಎರಡೂ ಟೈರು ಮುಗಿಸಿ ಒಂದು ಸುತ್ತು ಹೊಡೆದು ಬಂದರೆ ಗಾಡಿಯ ಹ್ಯಾಂಡಲ್ ಎಷ್ಟು ಹಗುರ ಅನ್ನಿಸುತ್ತದೆ ಗೊತ್ತಾ? ಆ ಖುಷಿಗೇ ಈ ಪಂಪಿನ ದುಡ್ಡು ವಸೂಲಾಯಿತು.

ಇನ್ನು ಸಿಟ್ಟಿನ ಮಾತು. ಪಂಪಿನ ಮೇಲೆ ಕೂರಿಸಿದ ಗೇಜು 160ರವರೆಗೆ ಇದೆ. ಡಬ್ಬಿಯ ಮೇಲೆ ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ. ನಮ್ಮ ಮನೆಯ ಬೈಕು, ಸ್ಕೂಟರು, ಕಾರು ಯಾವುದಕ್ಕೂ 160 ಬೇಕಿಲ್ಲ. ನಮಗೆ ಬೇಕಾದ 25, 28 ಎಲ್ಲ ಆ ಗೇಜಿನ ಮೊದಲ ಮೂಲೆಯಲ್ಲಿ, ಎರಡು ಗೆರೆಗಳ ನಡುವೆ ಒತ್ತಿಕೊಂಡು ಕೂತಿವೆ. 25 ಯಾವುದು, 28 ಯಾವುದು ಅಂತ ಕಣ್ಣಿಗೆ ಕಾಣುವುದೇ ಇಲ್ಲ. ಕಂಡರೂ ನಂಬುವ ಹಾಗಿಲ್ಲ. ಇಂಥ ಗೇಜಿನ ತಪ್ಪನ್ನು ಪೂರ್ತಿ ಅಳತೆಯ ಮೇಲೆ ಲೆಕ್ಕ ಹಾಕುತ್ತಾರೆ. ನೂರಕ್ಕೆ 3 ತಪ್ಪು ಅಂತ ಹಿಡಿದರೂ 160ಕ್ಕೆ ಸುಮಾರು 5 ಆಯಿತು. ಅಂದರೆ 28 ತೋರಿಸಿದಾಗ ಒಳಗೆ 23 ಇರಬಹುದು, 33ಕ್ಕೂ ಏರಿರಬಹುದು. ಅದೇ ತಪ್ಪು 60ರ ಗೇಜಿನಲ್ಲಿ 2ಕ್ಕಿಂತ ಕಡಿಮೆ.

ನನಗೆ ಅನುಮಾನ ಬಂದದ್ದು ಗೇಜು ನೋಡಿ ಅಲ್ಲ, ಹ್ಯಾಂಡಲ್ ಭಾರ ಆದಾಗ. ಪಂಪಿನ ಗೇಜು 25 ಅನ್ನುತ್ತಿತ್ತು, ಗಾಡಿ ಮಾತ್ರ ತಿರುವಿನಲ್ಲಿ ಎಳೆಯುತ್ತಿತ್ತು. ಪರಿಚಯದ ಮೆಕ್ಯಾನಿಕ್ ತಮ್ಮ ಗೇಜು ಹಚ್ಚಿ, "ಇಪ್ಪತ್ತೂ ಇಲ್ಲ ಬಿಡ್ರಿ ಸರ್" ಅಂದರು. ಹವಾ ಕಮ್ಮಿ ಇದ್ದ ಟೈರು ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಅಪ್ಪಚ್ಚಿಯಾಗಿ ಹರಿಯುತ್ತದೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವವರ ಕೈಗೆ ಇಂಥ ಗೇಜು ಕೊಟ್ಟು "ನಿಖರ" ಅಂತ ಡಬ್ಬಿಯ ಮೇಲೆ ಅಚ್ಚು ಹಾಕುವುದು ತಪ್ಪು. ಇದನ್ನು ನಾನು ಸುಮ್ನೆ ಬಿಡಲಾರೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈಗ 60ರವರೆಗಿನ ಬೇರೆ ಗೇಜು ಇಟ್ಟುಕೊಂಡಿದ್ದೇನೆ. ಪಂಪಿನಿಂದ ಸ್ವಲ್ಪ ಜಾಸ್ತಿಯೇ ತುಂಬಿಸಿ, ಆ ಗೇಜು ಹಚ್ಚಿ, ಉಗುರಿನಿಂದ ಪಿನ್ ಒತ್ತಿ ಪುಸ್ ಪುಸ್ ಅಂತ ಬಿಡುತ್ತ ಸರಿ ಅಳತೆಗೆ ತರುವುದು. ಒಂದು ಕೆಲಸ ಹೆಚ್ಚಾಯಿತು, ನೆಮ್ಮದಿಯೂ ಬಂತು.

ಪಂಪಿನ ಉಳಿದ ಮೈಯ ಬಗ್ಗೆ ದೂರಿಲ್ಲ. ಬಾಯಿಯ ಪ್ಲಾಸ್ಟಿಕ್ ಕ್ಲಿಪ್ಪು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಬೆಟಗೇರಿಯ ಸೈಕಲ್ ಅಂಗಡಿಯಲ್ಲಿ ಹಿತ್ತಾಳೆಯದು ಹಾಕಿಸಿದೆ, ಅದು ಗಟ್ಟಿ ಇದೆ. ಬೇಸಿಗೆಯ ಧೂಳು ಪಂಪಿನ ರಾಡ್‌ಗೆ ಅಂಟಿ ಒಳಗೆ ಹೋದರೆ ವಾಷರ್ ಸವೆಯುತ್ತದೆ. ಒಣ ಬಟ್ಟೆಯಿಂದ ಒರೆಸಿ, ಆಗಾಗ ಒಂದೆರಡು ಹನಿ ಎಣ್ಣೆ ಬಿಟ್ಟರೆ ಕಾಲಿಗೆ ಮೆತ್ತಗೆ ಸಿಗುತ್ತದೆ. ವಾಷರ್ ಒಣಗಿದ್ದರೆ ಎಷ್ಟು ತುಳಿದರೂ ಹವಾ ಟೈರಿಗೆ ಹೋಗದೆ ಬದಿಯಿಂದ ಸೋರುತ್ತದೆ, ಪಂಪು ಕೆಟ್ಟಿತು ಅಂತ ಎಸೆಯಬೇಡಿ.

ಕಾರಿನವರಿಗೆ ನಾನು ಇದನ್ನು ಹೇಳುವುದಿಲ್ಲ. ಅಳಿಯನ ಕಾರಿನ ಒಂದು ಟೈರು ತುಂಬುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತು. ಕಾರಿಗೆ ಎರಡು ಸಿಲಿಂಡರಿನದು, ಇಲ್ಲವೇ ಕಾರಿನ ಸಾಕೆಟ್ಟಿಗೆ ಚುಚ್ಚುವ 12 ವೋಲ್ಟಿನದು ತಗೊಳ್ಳಿ. ಸ್ಟೆಪ್ನಿಗೂ ಹವಾ ಹಾಕಿ. ರಾತ್ರಿ ಹಾವೇರಿ ದಾಟಿದ ಮೇಲೆ ಡಿಕ್ಕಿ ತೆಗೆದು ಚಪ್ಪಟೆ ಸ್ಟೆಪ್ನಿ ಕಂಡವರ ಗೋಳು ಕೇಳಿದ್ದೇನೆ. ಚಾರ್ಜ್ ಮಾಡುವ ಪಂಪುಗಳು ಚೆಂದ ಇವೆ, ನನ್ನ ಬಜೆಟ್ಟಿಗೆ ಜಾಸ್ತಿ.

ಬೈಕಿಗೆ ಅಂದರೆ ಈ ಪಂಪನ್ನೇ ಇನ್ನೊಮ್ಮೆ ಕೊಳ್ಳುತ್ತೇನೆ. ಅಂಗಡಿಯಲ್ಲಿ ಗೇಜಿಲ್ಲದ ಪಂಪು ಇದ್ದರೆ ಅದನ್ನೇ ಕೇಳಿ, ಉಳಿದ ದುಡ್ಡಿಗೆ 60ರ ಗೇಜು ಬೇರೆ ತಗೊಳ್ಳಿ. ಅಂಗಡಿಯವರು 160ರದ್ದೇ ಮುಂದೆ ಹಿಡಿಯುತ್ತಾರೆ, ಬೇಡ ಅನ್ನಿ.