ಹೊಸದಾಗಿ ವ್ಯಾಂಪೈರ್ ಆದವರೇ, ಹಸಿದ ಹೊಟ್ಟೆಯಲ್ಲಿ ಮನೆಗೆ ಹೋಗಬೇಡಿ

ನನಗೆ 23 ವರ್ಷ. ಇನ್ನು ಮುಂದೆಯೂ 23 ವರ್ಷವೇ. ಕಚ್ಚಿಸಿಕೊಂಡು ನಾಲ್ಕು ತಿಂಗಳಾಯಿತು. ಕನ್ನಡಿಯಲ್ಲಿ ಮುಖ ಕಾಣದೆ ಬೈತಲೆ ತೆಗೆಯುವುದು ಹೇಗೆ ಅಂತ ಬರೆಯಬಹುದಿತ್ತು, ಆದರೆ ಅದೆಲ್ಲ ತಾನಾಗೇ ರೂಢಿಯಾಗುತ್ತೆ. ಬಿಸಿಲಿಗೆ ಹೆದರಿ ಮಂಚದಡಿ ಸೇರಿಕೊಂಡವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಸೂರ್ಯನ ಬೆಳಕು ಬಿದ್ದರೆ ನಾವು ಮಾಯವಾಗಿಬಿಡುತ್ತೇವೆ ಅನ್ನುವುದು 1922ರ ಒಂದು ಜರ್ಮನ್ ಮೂಕಿ ಚಿತ್ರದಿಂದ ಹಬ್ಬಿದ ಕಥೆ. ನನಗಂತೂ ಬಿಸಿಲಲ್ಲಿ ತಲೆ ಸಿಡಿಯುತ್ತೆ, ಅಷ್ಟೆ. ನಾನು ಬರೆಯಲು ಕೂತದ್ದು ಮೂರನೇ ರಾತ್ರಿಯ ಬಗ್ಗೆ.

ನನ್ನನ್ನು ಕಚ್ಚಿದವನು ಮಾತಿನಲ್ಲಿ ಬಹಳ ಒಳ್ಳೆಯವನು. ಮೊದಲೆರಡು ರಾತ್ರಿ ಪಕ್ಕದಲ್ಲೇ ಕೂತು ಧೈರ್ಯ ಹೇಳಿದ. ಕುಡಿಯಲು ಮಾತ್ರ ಏನೂ ಕೊಡಲಿಲ್ಲ. "ತಡ್ಕೋ, ಹಸಿವು ತಡೆಯೋದು ಕಲಿಯಬೇಕು" ಅಂದ. ಮೂರನೇ ಸಂಜೆ ಅವನೇ ಹೇಳಿದ: "ಮನೆಗೆ ಹೋಗಿ ಬಾ. ನಿಮ್ಮಕ್ಕನ ಮುಖ ನೋಡಿದ್ರೆ ಮನಸ್ಸು ಹಗುರಾಗುತ್ತೆ."

ನಾನು ನಂಬಿದೆ. ಚಾರ್ಜರ್ ಮತ್ತು ನಾಲ್ಕು ಜೊತೆ ಬಟ್ಟೆ ತರುವುದಷ್ಟೇ ಕೆಲಸ ಅಂತ ನನಗೆ ನಾನೇ ಹೇಳಿಕೊಂಡು ಹೊರಟೆ. ಎಷ್ಟೋ ದಿನ ಆದಮೇಲೆ ಓದಿದೆ, 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೇಟರ್ ಬ್ಲಾಗೊಯೆವಿಚ್ ಎಂಬವನು ಸತ್ತಮೇಲೆ ಹೆಂಡತಿಯ ಬಳಿ ಬಂದು ತನ್ನ ಚಪ್ಪಲಿ ಕೇಳಿದನಂತೆ. ಆಕೆ ಊರನ್ನೇ ಬಿಟ್ಟು ಹೋದಳು. ಹಳೇ ಕಥೆಗಳಲ್ಲಿ ನಮ್ಮಂಥವರು ಬಂದು ಬಾಗಿಲು ತಟ್ಟುವುದು ಮೊದಲು ಸ್ವಂತದವರ ಮನೆಯದನ್ನೇ. ಚಪ್ಪಲಿಯೋ ಚಾರ್ಜರೋ, ನೆಪ ಒಂದು ಇದ್ದೇ ಇರುತ್ತೆ.

ಅಕ್ಕ ಬಾಗಿಲು ತೆಗೆದಳು. ನಾನು ಹೊಸ್ತಿಲ ಹೊರಗೇ ನಿಂತೆ. ಕಾಲು ಎತ್ತಲು ಆಗಲೇ ಇಲ್ಲ, ಯಾರೋ ಎದೆಗೆ ಕೈ ಇಟ್ಟು ತಡೆದ ಹಾಗೆ. ಕರೆಯದೆ ನಾವು ಒಳಗೆ ಕಾಲಿಡಲಾರೆವು ಅನ್ನುವುದು ಮಾತ್ರ ಅಕ್ಷರಶಃ ನಿಜ.

"ಎಲ್ಲಿ ಹಾಳಾಗಿ ಹೋಗಿದ್ಯೇ ಮೂರು ದಿನ? ಕೈಯೆಲ್ಲ ಹೆಂಗೆ ತಣ್ಣಗಿದೆ ನೋಡು! ನಿಂತ್ಕೊಂಡು ಏನ್ ನೋಡ್ತಿದ್ದೀಯ, ಬಾ ಒಳಗೆ."

ಬಾ ಒಳಗೆ ಅಂದುಬಿಟ್ಟಳು. ಒಮ್ಮೆ ಆಡಿದ ಆ ಮಾತನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.

ಅಡುಗೆಮನೆಯಲ್ಲಿ ಅವಳು ಬೆನ್ನು ಹಾಕಿ ನಿಂತು ಬಯ್ಯುತ್ತಲೇ ಇದ್ದಳು. ನನಗೆ ಬೈಗುಳ ಕೇಳಿಸುತ್ತಿರಲಿಲ್ಲ, ಅವಳ ನಾಡಿ ಕೇಳಿಸುತ್ತಿತ್ತು. ಒಬ್ಬ ವಯಸ್ಕರ ಮೈಯಲ್ಲಿ ಇರುವುದು ಹೆಚ್ಚುಕಮ್ಮಿ 5 ಲೀಟರ್ ರಕ್ತ. ದಾನಕ್ಕೆ ತೆಗೆಯುವುದು 350 ಅಥವಾ 450 ಮಿಲಿ. 2 ಲೀಟರ್ ದಾಟಿದರೆ ಜೀವಕ್ಕೇ ಸಂಚಕಾರ. ಈ ಲೆಕ್ಕವೆಲ್ಲ ಈಗ ಗೊತ್ತು. ಮೂರು ದಿನ ಹಸಿದವಳಿಗೆ 450ಕ್ಕೆ ನಿಲ್ಲಿಸು ಅಂದರೆ ನಿಲ್ಲಿಸುತ್ತಾಳೆಯೇ? ನಾನು ನಿಲ್ಲಿಸುತ್ತಿರಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತೆ, ಆದರೂ ಬರೆಯುತ್ತಿದ್ದೇನೆ.

ಅವಳ ಭುಜ ಹಿಡಿದೆ. ಅವಳು ತಿರುಗಿದಳು, ನನ್ನ ಬಾಯಿ ನೋಡಿದಳು, ಬೆಚ್ಚಿ ಹಿಂದೆ ಸರಿದಳು. ಮೊಣಕೈ ತಗುಲಿ ಕಟ್ಟೆಯ ಮೇಲಿದ್ದ ಸಾಸಿವೆ ಡಬ್ಬಿ ಕೆಳಗೆ ಬಿತ್ತು.

ನಾನು ನೆಲಕ್ಕೆ ಕೂತೆ. ಕೂರಬೇಕು ಅಂದುಕೊಂಡು ಕೂತದ್ದಲ್ಲ. ಒಂದು, ಎರಡು, ಮೂರು. ಯುರೋಪಿನ ಹಳ್ಳಿಗಳಲ್ಲಿ ಗೋರಿಯೊಳಗೆ ಗಸಗಸೆ, ರಾಗಿಯಂಥ ಸಣ್ಣ ಕಾಳು ಹಾಕುತ್ತಿದ್ದರಂತೆ, ಹೆಣ ಎದ್ದರೂ ಎಣಿಸುತ್ತಾ ಕೂರಲಿ ಅಂತ. ತಮಾಷೆಯ ನಂಬಿಕೆ ಅಂತ ನಗಬೇಡಿ. 1,112ಕ್ಕೆ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದೆ. ಕಣ್ಣಲ್ಲಿ ನೀರು, ಬಾಯಲ್ಲೂ ನೀರು, ಬೆರಳು ಮಾತ್ರ ಒಂದೊಂದೇ ಕಾಳು ಸರಿಸುತ್ತಿತ್ತು. ಅಕ್ಕ ಮಲಗುವ ಕೋಣೆಗೆ ಓಡಿ ಚಿಲಕ ಹಾಕಿಕೊಂಡ ಸದ್ದು ಕೇಳಿತು. ಬೆಳಕು ಹರಿಯುವ ಹೊತ್ತಿಗೆ ಹಸಿವಿನ ಬೆಂಕಿ ಇಳಿದಿತ್ತು, ಕಾಳು ಇನ್ನೂ ಅರ್ಧ ಉಳಿದಿತ್ತು. ಎದ್ದು ಹೊರಗೆ ಬಂದೆ. ಚಾರ್ಜರ್ ಮರೆತೇ ಬಂದೆ.

ಅವನು ಗೇಟಿನ ಹತ್ತಿರವೇ ನಿಂತಿದ್ದ. ರಾತ್ರಿಯಿಡೀ ನಿಂತಿದ್ದನೇನೋ. ಹೇಗಿದ್ದಾಳೆ ನಿಮ್ಮಕ್ಕ ಅಂತ ಕೇಳಲಿಲ್ಲ. "ಮುಗೀತಾ?" ಅಂದ.

ಆಗ ಹೊಳೆಯಿತು. ಮನೆಯವರನ್ನು ನಮ್ಮ ಕೈಯಾರೆ ಮುಗಿಸಿದ ಮೇಲೆ ನಮಗೆ ಹೋಗಲು ಬೇರೆ ಜಾಗ ಎಲ್ಲಿರುತ್ತೆ? ಅವನ ಹಿಂದೆಯೇ ಸುತ್ತಬೇಕು. ಹಸಿವು ತಡೆಯುವುದನ್ನು ಕಲಿಸಿದ್ದಲ್ಲ ಅದು, ಹಸಿವು ಬೆಳೆಸಿದ್ದು. ರಕ್ತ ಕುಡಿಯುವ ಬಾವಲಿಯೂ ಎರಡು ಮೂರು ರಾತ್ರಿ ಹೊಟ್ಟೆಗೆ ಬೀಳದಿದ್ದರೆ ಸಾಯುತ್ತೆ. ಆದರೆ ಆ ಪ್ರಾಣಿ, ಹಸಿದು ಬಂದ ಜೊತೆಗಾತಿಗೆ ತಾನು ಕುಡಿದದ್ದನ್ನೇ ಕಕ್ಕಿ ಕುಡಿಸುತ್ತೆ. ನನ್ನವನಿಗೆ ಬಾವಲಿಯಷ್ಟೂ ಕರುಳಿರಲಿಲ್ಲ.

ಹಾಗಾಗಿ, ನಿಮ್ಮನ್ನು ಕಚ್ಚಿದವರು ಮೊದಲ ರಾತ್ರಿಯೇ ಹೊಟ್ಟೆಗೆ ದಾರಿ ತೋರಿಸದಿದ್ದರೆ ಅನುಮಾನಪಡಿ. ಪ್ರಾಣಿಯ ರಕ್ತ ಸಪ್ಪೆ, ನನಗೆ ಮೊದಮೊದಲು ವಾಂತಿಯೂ ಆಯಿತು, ಆದರೂ ಸಾಲುತ್ತೆ. ಮನೆಯವರ ಜೊತೆ ಮಾತಾಡಲೇಬೇಕು ಅನ್ನಿಸಿದರೆ ಫೋನ್ ಮಾಡಿ. ಯಾರಾದರೂ ಬಾಗಿಲಲ್ಲಿ ಕಂಡು ಒಳಗೆ ಕರೆಯುವ ಮೊದಲೇ ಓಡಿ. ಇದನ್ನು ಓದುತ್ತಿರುವ ಮಾಮೂಲಿ ಮನುಷ್ಯರಿಗೂ ಹೇಳುತ್ತೇನೆ: ನಾಲ್ಕು ದಿನ ಕಾಣೆಯಾಗಿದ್ದ ತಂಗಿ ರಾತ್ರಿ ಹೊತ್ತು ಬಂದು ಹೊಸ್ತಿಲಾಚೆಯೇ ನಿಂತಿದ್ದರೆ, ಏನು ಬೇಕು ಅಂತ ಅಲ್ಲೇ ಕೇಳಿ.

ಅಕ್ಕ ಎರಡು ತಿಂಗಳು ಫೋನ್ ಎತ್ತಲಿಲ್ಲ. ಈಗ ವಾರಕ್ಕೊಮ್ಮೆ ಕಿಟಕಿಯ ಹೊರಗೆ ಒಂದು ತಟ್ಟೆ ಸಾಸಿವೆ ಸುರಿದು, ಪಕ್ಕದಲ್ಲಿ ಚಾಪೆ ಹಾಸಿಟ್ಟಿರುತ್ತಾಳೆ. ನಾನು ಎಣಿಸುತ್ತೇನೆ, ಅವಳು ಒಳಗಿನಿಂದ ಬಯ್ಯುತ್ತಾಳೆ. ಮೊನ್ನೆ ತಟ್ಟೆಯ ಅಡಿಯಲ್ಲಿ ಚಾರ್ಜರ್ ಇತ್ತು.