ಬೆಳಕಿನ ಪ್ರಯೋಗದ ಕಿಟ್: ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಗ್ರೇಟಿಂಗ್ ಹಾಳೆಗೇ

ಹತ್ತನೇ ಕ್ಲಾಸಿನ ಮಗಳಿಗೆ ಅಂತ ಆನ್‌ಲೈನ್‌ನಲ್ಲಿ ಬೆಳಕು ಮತ್ತು ರೋಹಿತದ (ಬೆಳಕು ಬಿಡಿಸಿದಾಗ ಸಿಗುವ ಬಣ್ಣಗಳ ಪಟ್ಟಿ) ಕಿಟ್ ಒಂದನ್ನು ತರಿಸಿದೆವು. ಬೆಲೆ 1,200 ರೂಪಾಯಿ ಚಿಲ್ಲರೆ. ಕಂಪನಿ ಹೆಸರು ಬೇಡ, ಇದೇ ಡಬ್ಬಿ ಬೇರೆ ಬೇರೆ ಸ್ಟಿಕರ್ ಅಂಟಿಸಿಕೊಂಡು ಹಲವು ಹೆಸರಲ್ಲಿ ಸಿಗುತ್ತದೆ. ಒಳಗೆ ಅಕ್ರಿಲಿಕ್ ಪ್ರಿಸಂ, ಎರಡು ಲೆನ್ಸ್, ರಟ್ಟಿನ ಚೌಕಟ್ಟಿಗೆ ಅಂಟಿಸಿದ ಗ್ರೇಟಿಂಗ್ ಹಾಳೆ (ಒತ್ತೊತ್ತು ಗೆರೆಗಳಿಂದ ಬೆಳಕಿನ ಬಣ್ಣ ಬಿಡಿಸುವ ಹಾಳೆ), ಯುವಿ ಟಾರ್ಚ್, ಅವಕೆಂಪು (ಇನ್‌ಫ್ರಾರೆಡ್) ಎಲ್‌ಇಡಿ, ಥರ್ಮಾಮೀಟರ್, ಪೋಸ್ಟರ್, ಒಂದು ಪುಸ್ತಿಕೆ ಇವೆ.

ಮೊದಲು ಪ್ರಿಸಂ. ಅಕ್ರಿಲಿಕ್ ಅಂದ ಕೂಡಲೇ ಮೂಗು ಮುರಿಯಬೇಕಿಲ್ಲ, ಬಣ್ಣ ಬಿಡಿಸುವುದರಲ್ಲಿ ಅದು ಮಾಮೂಲಿ ಕ್ರೌನ್ ಗಾಜಿಗೇನೂ ಕಡಿಮೆಯಿಲ್ಲ. ತೊಂದರೆ ಗೀರುಗಳದ್ದು. ನಮಗೆ ಬಂದದ್ದರ ಒಂದು ಮುಖ ಮಂಜು ಕಟ್ಟಿದಂತಿತ್ತು. ಅದಕ್ಕಿಂತ ದೊಡ್ಡ ತಕರಾರು ಪುಸ್ತಿಕೆಯ ಚಿತ್ರದ ಮೇಲೆ. ಅದರಲ್ಲಿ ಬೆಳಕು ಪ್ರಿಸಂ ದಾಟಿ ಹೆಚ್ಚುಕಮ್ಮಿ ನೇರವಾಗಿ ಹೋಗಿ ಎದುರು ಗೋಡೆ ಮೇಲೆ ಅಂಗೈ ಅಗಲದ ಏಳು ಬಣ್ಣ ಬೀಳಿಸುತ್ತದೆ. ನಿಜವಾಗಿ 60 ಡಿಗ್ರಿಯ ಅಕ್ರಿಲಿಕ್ ಪ್ರಿಸಂನಲ್ಲಿ ಬೆಳಕು ಕಡಿಮೆ ಅಂದರೂ 36 ಡಿಗ್ರಿ ತಿರುಗುತ್ತದೆ, ಹಾಗಾಗಿ ಎದುರು ಗೋಡೆ ನೋಡುತ್ತಾ ನಿಂತ ಮಗುವಿಗೆ ಏನೂ ಸಿಗಲ್ಲ, ಪಕ್ಕದ ಗೋಡೆಯಲ್ಲೋ ಚಾವಣಿಯಲ್ಲೋ ಹುಡುಕಬೇಕು. ಸಿಕ್ಕಿದರೂ ನೇರಳೆಯಿಂದ ಕೆಂಪಿನವರೆಗಿನ ಹರವು ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಸೂರ್ಯನೇ ನಮಗೆ ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಹತ್ತಿರದಲ್ಲಿ ಹಿಡಿದರೆ ಬಣ್ಣಗಳು ಒಂದರ ಮೇಲೊಂದು ಬೀಳುತ್ತವೆ, ಅಂಚಿನಲ್ಲಿ ಮಾತ್ರ ಚೂರು ಕೆಂಪು, ಚೂರು ನೀಲಿ. ಕಿಟಕಿಗೆ ರಟ್ಟು ಹಾಕಿ ಸಣ್ಣ ಸೀಳು ಮಾಡಿ, ಗೋಡೆ ಮೂರ್ನಾಲ್ಕು ಮೀಟರ್ ದೂರ ಇರುವಂತೆ ನೋಡಿಕೊಳ್ಳಿ. ನ್ಯೂಟನ್ ತನ್ನ ರೋಹಿತವನ್ನು 22 ಅಡಿ ದೂರದ ಗೋಡೆ ಮೇಲೆ ಬೀಳಿಸಿದ್ದ. ಆ ಒಂದು ಸಾಲು ಪುಸ್ತಿಕೆಯಲ್ಲಿದ್ದರೆ ಎಷ್ಟೋ ಮಕ್ಕಳ ಭಾನುವಾರ ಉಳಿಯುತ್ತಿತ್ತು.

ಈಗ ಗ್ರೇಟಿಂಗ್. ಡಬ್ಬಿಯಲ್ಲಿ ಅತಿ ಅಗ್ಗದ ವಸ್ತು ಇದೇ ಇರಬೇಕು, ಮಿಲಿಮೀಟರಿಗೆ 500 ಗೆರೆ ಇರುವ ಪ್ಲಾಸ್ಟಿಕ್ ಹಾಳೆ. ಇದು ನೇರಳೆಯನ್ನು ಸುಮಾರು 11 ಡಿಗ್ರಿಗೆ, ಕೆಂಪನ್ನು 20 ಡಿಗ್ರಿಗೆ ಕಳಿಸುತ್ತದೆ. ಅಂದರೆ ಹರವು ಒಂಬತ್ತು ಡಿಗ್ರಿ! ಕತ್ತಲೆ ಕೋಣೆ ಬೇಕಿಲ್ಲ, ಕಣ್ಣಿಗೆ ಹಿಡಿದು ದೀಪ ನೋಡಿದರೆ ಸಾಕು. ಹಳೇ ಫಿಲಮೆಂಟ್ ಬಲ್ಬಿನಲ್ಲಿ ಬಣ್ಣಗಳು ಎಲ್ಲೂ ಕಡಿಯದೆ ಹರಿಯುತ್ತವೆ. ಸಿಎಫ್‌ಎಲ್ ಕಡೆ ತಿರುಗಿಸಿ, ಅಲ್ಲಿ ಬಲ್ಬಿನ ಆಕಾರವೇ ಬಿಡಿಬಿಡಿಯಾಗಿ ನೀಲಿ, ಹಸಿರು, ಕೆಂಪು ಬಣ್ಣದಲ್ಲಿ ಸಾಲಾಗಿ ನಿಂತಿರುತ್ತದೆ, ಅದರಲ್ಲಿ ಢಾಳಾದ ಹಸಿರು ಪಾದರಸದ್ದು, ಅದರ ತರಂಗಾಂತರ (ಅಲೆಯ ಉದ್ದ) 546 ನ್ಯಾನೋಮೀಟರ್. ಬಿಳಿ ಎಲ್‌ಇಡಿಯಲ್ಲಿ ಒಂದು ಗಟ್ಟಿ ನೀಲಿ, ಆಮೇಲೆ ಒಂದು ಮಬ್ಬು ತಗ್ಗು, ಅಲ್ಲಿಂದಾಚೆ ಹಸಿರು-ಹಳದಿ-ಕೆಂಪಿನ ಅಗಲ ಪಟ್ಟಿ. ಒಳಗಿರುವುದು ನೀಲಿ ಎಲ್‌ಇಡಿ, ಮೇಲೆ ಹಳದಿ ಲೇಪ, ಎರಡೂ ಬೇರೆ ಬೇರೆಯಾಗಿ ಕಣ್ಣಿಗೇ ಕಾಣುತ್ತವೆ. ಗ್ಯಾಸ್ ಒಲೆಯ ಉರಿಗೆ ಚಿಟಿಕೆ ಉಪ್ಪು ಹಾಕಿ ದೂರದಿಂದ ನೋಡಿ (ದೊಡ್ಡವರು ಹಾಕಲಿ, ಮಕ್ಕಳು ನೋಡಲಿ). ಹಳದಿ ಜ್ವಾಲೆ ಕಾಮನಬಿಲ್ಲಾಗಿ ಹರಡುವುದೇ ಇಲ್ಲ, ಪಕ್ಕದಲ್ಲಿ ಇನ್ನೊಂದು ಹಳದಿ ಜ್ವಾಲೆಯಾಗಿ ಹಾಗೇ ನಿಲ್ಲುತ್ತದೆ. ಅದು ಸೋಡಿಯಂ, 589 ನ್ಯಾನೋಮೀಟರ್. ಇಷ್ಟು ನೋಡಿದ ಮೇಲೆ ಮಗಳು ಬೀದಿ ದೀಪ, ಟಿವಿ, ಪಕ್ಕದ ಮನೆಯ ಟ್ಯೂಬ್‌ಲೈಟ್ ಒಂದನ್ನೂ ಬಿಡಲಿಲ್ಲ. ಸೂರ್ಯನನ್ನು ಮಾತ್ರ ಇದರಲ್ಲಿ ನೋಡಲೇಬಾರದು, ಆ ಎಚ್ಚರಿಕೆಯನ್ನು ಕೊನೇ ಪುಟದಲ್ಲಿ ಇರುವೆ ಅಕ್ಷರದಲ್ಲಿ ಹಾಕಿದ್ದಾರೆ.

ಇನ್ನೊಂದು ವಿಷಯ. ಪ್ರಿಸಂನಲ್ಲಿ ನೇರಳೆ ಜಾಸ್ತಿ ಬಾಗುತ್ತದೆ, ಗ್ರೇಟಿಂಗ್‌ನಲ್ಲಿ ಕೆಂಪು. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟವರು ಇದನ್ನು ಹೇಳಬೇಕಿತ್ತು, ಅಲ್ವಾ? ಗೆರೆಗಳ ಮೂಲಕ ಬಂದ ಅಲೆಗಳು ಒಟ್ಟುಸೇರುವ ಕೋನ ತರಂಗಾಂತರ ಹೆಚ್ಚಿದಷ್ಟೂ ಹೆಚ್ಚು, ಗಾಜಿನ ವಕ್ರೀಭವನ ತರಂಗಾಂತರ ಹೆಚ್ಚಿದಷ್ಟೂ ಕಡಿಮೆ. ಮಕ್ಕಳು ಈ ಅದಲುಬದಲನ್ನು ಕೂಡಲೇ ಹಿಡಿಯುತ್ತಾರೆ, ನಾವೇ ಉತ್ತರ ಹೇಳಬೇಕು.

ಪುಸ್ತಿಕೆಗೆ ಸೊನ್ನೆ. ಮುಖಪುಟದಲ್ಲಿ ಸಿ.ವಿ. ರಾಮನ್ ಚಿತ್ರ ಹಾಕಿ, ಒಳಗೆ ಆಕಾಶದ ನೀಲಿಗೆ ರಾಮನ್ ಪರಿಣಾಮ ಕಾರಣ ಅಂತ ಬರೆದಿದ್ದಾರೆ. ಅದು ರೇಲೀ ಚದುರುವಿಕೆ, ಅಂದರೆ ಗಾಳಿಯ ಅಣುಗಳು ಬೆಳಕನ್ನು ಚದುರಿಸುವುದು, ಅಲ್ಲಿ ಬೆಳಕಿನ ತರಂಗಾಂತರ ಬದಲಾಗುವುದಿಲ್ಲ. ಚದುರಿದ ಬೆಳಕಿನ ಒಂದು ಚೂರು ಪಾಲಿನಲ್ಲಿ ಅದು ಬದಲಾಗುತ್ತದೆ ಅನ್ನುವುದೇ ರಾಮನ್ 1928ರಲ್ಲಿ ಕಂಡದ್ದು. ಹರ್ಷೆಲ್ ಪ್ರಯೋಗದ ಪುಟದಲ್ಲೂ ಎಡವಟ್ಟು. 1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಕೆಂಪಿನ ಆಚೆ ಥರ್ಮಾಮೀಟರ್ ಇಟ್ಟು ಅಲ್ಲೇ ಬಿಸಿ ಜಾಸ್ತಿ ಅಂತ ಕಂಡದ್ದು ಸರಿ. ಆದರೆ 'ಆದ್ದರಿಂದ ಅವಕೆಂಪು ಕಿರಣಕ್ಕೆ ಶಕ್ತಿ ಜಾಸ್ತಿ' ಅಂತ ಮುಗಿಸಿದ್ದಾರೆ. ಬೆಳಕಿನ ಒಂದೊಂದು ಕಣದ (ಫೋಟಾನ್) ಲೆಕ್ಕದಲ್ಲಿ ನೇರಳೆಯದ್ದೇ ಜಾಸ್ತಿ, ಸುಮಾರು 3 ಎಲೆಕ್ಟ್ರಾನ್ ವೋಲ್ಟ್. ಪ್ರಿಸಂ ಕೆಂಪಿನ ತುದಿಯನ್ನು ಒತ್ತೊತ್ತಾಗಿ ಸೇರಿಸುತ್ತದೆ, ಅದಕ್ಕೇ ಅಲ್ಲಿ ಥರ್ಮಾಮೀಟರ್ ಮೇಲೆ ಬೀಳುವ ಬಿಸಿ ಹೆಚ್ಚು. ಕಿಟ್‌ನ ಥರ್ಮಾಮೀಟರ್ ಬುಡಕ್ಕೆ ಕಪ್ಪು ಮಾರ್ಕರ್ ಬಳಿಯಿರಿ, ಇಲ್ಲದಿದ್ದರೆ ಏರಿಕೆ ಗೊತ್ತೇ ಆಗಲ್ಲ.

ಅವಕೆಂಪು ಎಲ್‌ಇಡಿ ಸುಮ್ನೆ ದಂಡ. ಟಿವಿ ರಿಮೋಟ್ ಒತ್ತಿ ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಸಾಮಾನ್ಯವಾಗಿ ಅದೇ ಕಾಣುತ್ತದೆ. ಯುವಿ ಟಾರ್ಚ್ ಪರವಾಗಿಲ್ಲ, 395 ನ್ಯಾನೋಮೀಟರ್ ಅಂದರೆ ನೇರಳೆಯ ಅಂಚು. ಸ್ಪಿರಿಟ್‌ನಲ್ಲಿ ಕಲಕಿದ ಅರಿಶಿನ ಹಸಿರು-ಹಳದಿಯಾಗಿ ಹೊಳೆಯುತ್ತದೆ, ಒಗೆದ ಬಿಳಿ ಅಂಗಿ ನೀಲಿಯಾಗಿ. ಕಣ್ಣಿಗೆ ಬಿಡಬೇಡಿ.

ರೇಡಿಯೋ ಅಲೆ, ಬೆಳಕು ಎಲ್ಲವನ್ನೂ ಸಾಲಾಗಿ ತೋರಿಸುವ ಪೋಸ್ಟರ್ ಬರೀ ಇಂಗ್ಲಿಷ್. ಅಳತೆಯೂ ಇಲ್ಲ, ಕಣ್ಣಿಗೆ ಕಾಣುವ 400ರಿಂದ 700 ನ್ಯಾನೋಮೀಟರ್ ತುಂಡೇ ಅರ್ಧ ಹಾಳೆ ತಿಂದಿದೆ, ರೇಡಿಯೋಗೆ ಒಂದು ಮೂಲೆ. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್, ಅದರ ಅಲೆ ಹತ್ತಿರ ಹತ್ತಿರ ಮೂರು ಮೀಟರ್ ಉದ್ದ. ನಾವು ಅದನ್ನು ಪೋಸ್ಟರ್ ಪಕ್ಕ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಎಳೆದೆವು.

ಪ್ರಿಸಂ ಬದಲಿಸಿ ಕೊಡಿ ಅಂತ ಕೇಳಿದ್ದಕ್ಕೆ ತಕರಾರಿಲ್ಲದೆ ಇನ್ನೊಂದು ಕಳಿಸಿದರು, ಅದೂ ಗೀರಿದ್ದೇ. ನೀವು ಕೊಳ್ಳುವುದಾದರೆ ಗ್ರೇಟಿಂಗ್ ಹಾಳೆ ಬಿಡಿಯಾಗಿ ಸಿಗುತ್ತದೆ, ಅದನ್ನೊಂದು ತರಿಸಿ, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಗಾಜಿನ ಪ್ರಿಸಂ ತಗೊಳ್ಳಿ. ಹಳೇ ಸಿಡಿ ಇದ್ದರೆ ಅದೂ ನಡೆಯುತ್ತದೆ, ಅದರ ಸಾಲುಗಳ ನಡುವೆ 1.6 ಮೈಕ್ರೋಮೀಟರ್ ಅಂತರ. ಹಾಳೆಯನ್ನು ಅಂಚಿನಲ್ಲೇ ಹಿಡಿಯಿರಿ, ಬೆರಳು ತಾಗಿ ಮಸಿಯಾದರೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಗೆರೆಗಳೇ ಹಾಳಾಗುತ್ತವೆ.