ತೋಟದ ಎಟಿವಿಗೆ ಅಗ್ಗದ ಶಾಕ್: ಮೂರು ಹಾಕಿ ನೋಡಿದೆ

ಸಕಲೇಶಪುರದ ಹತ್ತಿರ ನಮ್ಮ ತೋಟದಲ್ಲಿ ಹಳೆಯ 200 ಸಿಸಿ ಎಟಿವಿ ಇದೆ, ಅಂದರೆ ಕಚ್ಚಾ ದಾರಿಗೆಂದೇ ಇರುವ ನಾಲ್ಕು ಚಕ್ರದ ಬೈಕಿನಂಥ ಗಾಡಿ. ರಸ್ತೆಗೆ ಇಳಿಸುವಂತಿಲ್ಲ, ಕಾಫಿ ಗಿಡಗಳ ನಡುವೆಯೇ ಅದರ ಸಂಸಾರ. ಯೂರಿಯಾ ಚೀಲ ಹೇರಿಕೊಂಡು ಗುಡ್ಡ ಹತ್ತಬೇಕು, ಇಳಿಯಬೇಕು. ಕಳೆದ ಮಳೆಗಾಲದಲ್ಲಿ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿದವು. ಒರಿಜಿನಲ್ ಒಂದಕ್ಕೆ 11,000 ರೂಪಾಯಿ, ಬರೋಕೆ ಎರಡು ತಿಂಗಳು ಅಂದರು. ಸೆಕೆಂಡ್ ಹ್ಯಾಂಡ್ ಗಾಡಿಗೆ ಅಷ್ಟು ಸುರಿಯಲು ಮನಸ್ಸು ಬರಲಿಲ್ಲ.

ಮೊದಲು ರಿಪೇರಿ. ಹಾಸನದ ಒಂದು ಗ್ಯಾರೇಜಿನಲ್ಲಿ ಜೋಡಿಗೆ 1,800. ಸೀಲ್ ಮಾಡಿದ ಕೊಳವೆ ಕೊಯ್ದು, ಹೊಸ ಆಯಿಲ್ ಸೀಲ್ ಕೂರಿಸಿ, ಫೋರ್ಕ್ ಆಯಿಲ್ ತುಂಬಿ ಮತ್ತೆ ಮುಚ್ಚಿದರು. ಮೊದಲ ಅರ್ಧ ಗಂಟೆ ಹೊಸ ಗಾಡಿಯ ಹಾಗೇ ಇತ್ತು. ಆಮೇಲೆ ಕಲ್ಲುದಾರಿಯಲ್ಲಿ ಮೆತ್ತಗಾಯಿತು. ಕೊಳವೆ ಕೊಯ್ದಾಗ ಒಳಗಿದ್ದ ನೈಟ್ರೋಜನ್ ಒತ್ತಡ ಹೋಗಿದೆ, ಹಾಗಾಗಿ ಬಿಸಿಯಾದಾಗ ಎಣ್ಣೆ ನೊರೆಯಾಗುತ್ತದೆ. ಆರಿದ ಮೇಲೆ ಮತ್ತೆ ಸರಿ. ಆದರೆ ರಾಡಿನ ಕ್ರೋಮ್ ಅಲ್ಲಲ್ಲಿ ಕಿತ್ತಿತ್ತಲ್ಲ, ಅದು ಹೊಸ ಸೀಲನ್ನೂ ತಿಂದು ಹಾಕಿತು. ಎರಡೇ ತಿಂಗಳು.

ಎರಡನೆಯದು, ಎಲ್ಲರೂ ಹೇಳುವ ಉಪಾಯ: 150 ಸಿಸಿ ಬೈಕಿನ ಹಿಂದಿನ ಶಾಕ್. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಜೋಡಿ 3,200. ಉದ್ದ ಸರಿಹೋಯಿತು, ಬೋಲ್ಟ್ ಕೂರುವ ಬುಶ್ ಮಾತ್ರ ಲೇತಿನಲ್ಲಿ ಮಾಡಿಸಿದೆ. ಕೂತ ತಕ್ಷಣ ಮೂತಿ ನೆಲಕ್ಕೆ! ಹಿಂದೆ ಜೋಡಿ ಶಾಕ್ ಇರುವ ಬೈಕಿನಲ್ಲಿ ಅವು ಇರುವುದು ಚಕ್ರದ ಆಕ್ಸಲ್ ಪಕ್ಕದಲ್ಲೇ. ನನ್ನ ಎಟಿವಿಯಲ್ಲಿ ಶಾಕ್ ಇರುವುದು ಎ-ಆರ್ಮ್‌ನ, ಅಂದರೆ ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿನ, ಹೆಚ್ಚುಕಡಿಮೆ ನಡುವೆ. ಹಾಗೆ ನಡುವೆ ಕೂತರೆ ಚಕ್ರಕ್ಕೆ ಸಿಗುವ ಬಿಗಿ ಕಾಲು ಭಾಗ ಮಾತ್ರ. ಅರ್ಧ ಅಲ್ಲ, ಕಾಲು. ಸ್ಪ್ರಿಂಗ್ ಕುಗ್ಗುವುದೂ ಅರ್ಧ, ಅದರ ಒತ್ತು ಚಕ್ರಕ್ಕೆ ತಲುಪುವುದೂ ಅರ್ಧ.

ಮೂರನೆಯದು ಆನ್‌ಲೈನಿನ ಚೀನಾ ಮಾಲು, ಜೋಡಿ 4,600. ಕಣ್ಣಿನಿಂದ ಕಣ್ಣಿಗೆ, ಅಂದರೆ ಎರಡು ತುದಿಯ ಬೋಲ್ಟ್ ತೂತುಗಳ ನಡುವೆ, 320 ಮಿ.ಮೀ., ಬೋಲ್ಟ್ ತೂತು 10 ಮಿ.ಮೀ., ಎರಡೂ ಅಳೆದೇ ತರಿಸಿದ್ದೆ. ಸ್ಪ್ರಿಂಗ್ ಬಿಗಿ ನೋಡಲಿಲ್ಲ, ಅದು ನನ್ನದೇ ತಪ್ಪು. ಬಂದದ್ದು 1000 ಪೌಂಡ್. ಅಂದರೆ ಒಂದು ಇಂಚು ಕುಗ್ಗಿಸಲು ಸುಮಾರು 450 ಕೆಜಿ ಹೇರಬೇಕು. 45 ಕೆಜಿಯ ಯೂರಿಯಾ ಚೀಲ ಹತ್ತು! ಹಿಂದೆ ಒಂದೇ ಶಾಕ್ ಇರುವ ಗಾಡಿಗೆ ಅಂಥದ್ದು ಬೇಕಾಗಬಹುದು. ಮುಂದಿನ ಜೋಡಿಗೆ ಹಾಕಿದರೆ ಹಲಗೆ ಮೇಲೆ ಕೂತ ಹಾಗೆ. ಸಂಜೆ ಮಣಿಕಟ್ಟು ಎತ್ತಲಾಗಲಿಲ್ಲ.

ಆಗ ಹೊಳೆಯಿತು. ರಿಪೇರಿ ಮಾಡಿಸಿದ್ದು ಮೊದಲ ಅರ್ಧ ಗಂಟೆ ಅಷ್ಟು ಚೆನ್ನಾಗಿ ಓಡಿದ್ದು ಯಾಕೆ? ಸ್ಪ್ರಿಂಗ್ ಹಳೆಯದೇ ಇತ್ತು, ಅಲ್ವಾ? ಸತ್ತದ್ದು ಎಣ್ಣೆಯ ಕೊಳವೆ, ಸ್ಪ್ರಿಂಗ್ ಅಲ್ಲ. ನಮ್ಮೂರ ಮೆಕ್ಯಾನಿಕ್ ಚೀನಾ ಶಾಕಿನ ಸ್ಪ್ರಿಂಗ್ ಬಿಚ್ಚಿ, ಹಳೆಯ ಒರಿಜಿನಲ್ ಸ್ಪ್ರಿಂಗ್ ಕೂರಿಸಿಕೊಟ್ಟರು. ಒಳಸುತ್ತು ಸರಿಹೊಂದಿದ್ದು ಅದೃಷ್ಟ. ಕೂಲಿ 400. ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಹಗ್ಗ ಕಟ್ಟಿ ಬಿಚ್ಚಲು ಹೋಗಬೇಡಿ, ಹಾರಿದರೆ ಮುಖ ಉಳಿಯೋಲ್ಲ.

ಹಾಗೆ 5,000ಕ್ಕೆ ಮುಗಿಯಿತು. ನಾಲ್ಕು ತಿಂಗಳಿಂದ ಇದೇ ಓಡುತ್ತಿದೆ, ಎಣ್ಣೆ ಸೋರಿಲ್ಲ. ಒರಿಜಿನಲ್‌ನಷ್ಟು ನುಣುಪಿಲ್ಲ, ಸಣ್ಣ ಕಲ್ಲುಗಳು ಕೈಗೆ ಗೊತ್ತಾಗುತ್ತವೆ. ಅದರ ರಬ್ಬರ್ ಬುಶ್ ಮಾತ್ರ ಕಳಪೆ, ಆಗಲೇ ಲಟಲಟ ಅನ್ನುತ್ತಿದೆ. ಮುಂದಿನ ವಾರ ನೈಲಾನ್ ಬುಶ್ ಕಡೆಸಬೇಕು.